ಹೆಸರನ್ನು ಮರೆಸಿಕೊಂಡ ಕವಿ



ಶಾಲೆಯ ವಾರ್ಷಿಕ ಸಂಚಿಕೆಗೆ ಬರಹಗಳನ್ನು ಕೂಡಿಸುವ ಕೆಲಸವು ಪ್ರತಿ ವರ್ಷವೂ ಕನ್ನಡ ಅಧ್ಯಾಪಕನ ಪಾಲಿಗೆ ಬರುತ್ತದೆ. ಕಳೆದ ವರ್ಷ ನನ್ನ ಮೇಜಿನ ಮೇಲೆ ಬಂದು ಬಿದ್ದ ಕಾಗದಗಳಲ್ಲಿ ಹೆಸರಿಲ್ಲದ ಒಂದು ಪದ್ಯವಿದ್ದಿತು. ಮುಂಬಯಿಯ ಮಳೆಯನ್ನು ನೋಡುತ್ತ ಊರಿನ ಗದ್ದೆಯ ಮಳೆಯನ್ನು ನೆನೆಯುವ ಹನ್ನೆರಡು ಸಾಲುಗಳು. ತರಗತಿಯಲ್ಲಿ ವಿಚಾರಿಸಿದಾಗ ಒಬ್ಬ ಹುಡುಗನು ಎದ್ದು ನಿಂತು, ಅದು ತನ್ನ ಅಜ್ಜನ ಹಳೆಯ ಪುಸ್ತಕದಿಂದ ಬರೆದುಕೊಂಡದ್ದೆಂದು ಹೇಳಿದನು. ಸಂಚಿಕೆಯಲ್ಲಿ ವಿದ್ಯಾರ್ಥಿಗಳ ಸ್ವಂತ ಬರಹಗಳಿಗೆ ಮಾತ್ರ ಸ್ಥಳವೆಂಬುದು ನಿಯಮ. ಆದುದರಿಂದ ನಾನು ಆ ಕಾಗದವನ್ನು ಬದಿಗಿಟ್ಟೆನು. ಸಂಚಿಕೆ ಅಚ್ಚಾಗಿ ಎಲ್ಲರ ಕೈಗೂ ಬಂದ ಮೇಲೆ ಅವನ ಗೆಳೆಯನಿಂದ ನನಗೆ ನಿಜವು ತಿಳಿಯಿತು. ಪದ್ಯವು ಅವನದೇ. ತನ್ನ ಹೆಸರನ್ನು ಹಾಕಿದರೆ ಉಳಿದವರು ನಕ್ಕಾರೆಂದೂ, ಅಜ್ಜನ ಕಾಲದ್ದೆಂದರೆ ಅಧ್ಯಾಪಕರು ಮನ್ನಿಸುವರೆಂದೂ ಅವನು ಎಣಿಸಿದ್ದನಂತೆ. ಮೊದಲೇ ಅವನನ್ನು ಹತ್ತಿರಕ್ಕೆ ಕರೆದು ಕೇಳಬೇಕಾಗಿತ್ತು. ಕೇಳದೆ ಹೋದದ್ದು ನನ್ನ ತಪ್ಪು.

ಅಂದು ನನಗೆ ನೆನಪಾದವನು ಕವಿ ಮುದ್ದಣ. ಈ ಹುಡುಗನು ಮಾಡಿದುದನ್ನೇ ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಅವನು ಮಾಡಿದ್ದನು. ಒಂದು ಬಾರಿಯಲ್ಲ, ಮೂರು ಬಾರಿ. ಅವನ ಜೀವನದ ಕಥೆಯನ್ನು ಈ ವರ್ಷ ನಿಮಗೆ ಹೇಳಬೇಕೆಂದು ಅಂದೇ ನಿಶ್ಚಯಿಸಿದೆನು.

ನಿಮ್ಮಲ್ಲಿ ಅನೇಕರ ಮನೆಗಳು ಕರಾವಳಿಯ ಕಡೆಯವು. ಬೇಸಗೆಯ ರಜೆಯಲ್ಲಿ ಕೊಂಕಣ ರೈಲಿನಲ್ಲಿ ಉಡುಪಿಗೆ ಹೋಗಿ ಇಳಿಯುವವರು ನೀವು. ಅಲ್ಲಿಂದ ಕಾರ್ಕಳ ತಾಲೂಕಿನ ನಂದಳಿಕೆಯೆಂಬ ಹಳ್ಳಿಯು ದೂರವಲ್ಲ. ಆ ಹಳ್ಳಿಯಲ್ಲಿ 1870ನೆಯ ಜನವರಿ 24ರಂದು ಒಂದು ಬಡ ಕುಟುಂಬದಲ್ಲಿ ಲಕ್ಷ್ಮೀನಾರಾಯಣನೆಂಬ ಬಾಲಕನು ಹುಟ್ಟಿದನು. ತಂದೆ ಪಾಠಾಳಿ ತಿಮ್ಮಪ್ಪಯ್ಯ, ತಾಯಿ ಮಹಾಲಕ್ಷ್ಮಿ. ತಾಯಿಯ ಹೆಸರನ್ನು ನೆನಪಿನಲ್ಲಿಟ್ಟುಕೊಳ್ಳಿರಿ. ಮುಂದೆ ಅದು ಬೇಕಾಗುತ್ತದೆ. ಮಗುವು ಮುದ್ದಾಗಿದ್ದುದರಿಂದ ಮನೆಯವರು ಅವನನ್ನು ಮುದ್ದಣನೆಂದು ಕರೆಯುತ್ತಿದ್ದರೆಂದು ಹೇಳುತ್ತಾರೆ. ನಿಮಗೂ ಇಂತಹ ಹೆಸರುಗಳುಂಟು. ಹಾಜರಿ ಪುಸ್ತಕದಲ್ಲಿ ಒಂದು ಹೆಸರು, ಮನೆಯಲ್ಲಿ ಪುಟ್ಟನೋ ಬಾಬುವೋ ಅಣ್ಣುವೋ ಆದ ಇನ್ನೊಂದು ಹೆಸರು. ಶಾಲೆಯ ಬಾಗಿಲಿನಲ್ಲಿ ತಾಯಿಯು ಆ ಹೆಸರು ಹಿಡಿದು ಕೂಗಿದರೆ ನಿಮ್ಮ ಮುಖವು ಕೆಂಪಾಗುವುದನ್ನು ನಾನು ನೋಡಿದ್ದೇನೆ.

ಅಂದಿನ ಕನ್ನಡ ನಾಡು ಇಂದಿನಂತೆ ಒಂದೇ ರಾಜ್ಯವಾಗಿರಲಿಲ್ಲ. ದಕ್ಷಿಣ ಕನ್ನಡವು ಮದರಾಸು ಪ್ರಾಂತಕ್ಕೆ ಸೇರಿದ್ದಿತು. ಧಾರವಾಡ, ಬೆಳಗಾವಿಗಳು ನಮ್ಮ ಈ ಮುಂಬಯಿ ಪ್ರಾಂತದಲ್ಲಿದ್ದವು. ಮೈಸೂರು ಮಹಾರಾಜರ ಸಂಸ್ಥಾನವಾಗಿದ್ದಿತು. ಒಂದು ಭಾಗದಲ್ಲಿ ಬರೆದುದು ಇನ್ನೊಂದು ಭಾಗಕ್ಕೆ ತಲುಪುವುದು ಕಷ್ಟವಾಗಿದ್ದಿತು. ಮಂಗಳೂರಿಗೆ ರೈಲು ಬಂದದ್ದೇ 1907ರಲ್ಲಿ. ಉಡುಪಿಯಿಂದ ಮೈಸೂರಿಗೆ ಹೋಗುವ ಟಪಾಲು ಘಟ್ಟವನ್ನು ಹತ್ತಿಯೇ ಹೋಗಬೇಕು.

ಲಕ್ಷ್ಮೀನಾರಾಯಣನಿಗೆ ವಿದ್ಯೆಯಲ್ಲಿ ಆಸೆ ಬಹಳ, ಅನುಕೂಲ ಸ್ವಲ್ಪ. ಬಡತನದ ಕಾರಣದಿಂದ ಓದನ್ನು ಮುಂದುವರಿಸಲಾರದೆ ಅವನು ಹೊಟ್ಟೆಪಾಡಿಗೆ ವ್ಯಾಯಾಮ ಶಿಕ್ಷಕನಾದನು. ಉಡುಪಿಯಲ್ಲಿಯೂ ಕೆಲವು ಕಾಲ ಕುಂದಾಪುರದಲ್ಲಿಯೂ ಅವನು ಶಾಲೆಯ ಹುಡುಗರಿಗೆ ಕವಾಯತು ಕಲಿಸಿದನು. ಇಂದಿಗೂ ಎಷ್ಟೋ ಶಾಲೆಗಳಲ್ಲಿ ವ್ಯಾಯಾಮ ಶಿಕ್ಷಕರನ್ನು ಉಳಿದ ಅಧ್ಯಾಪಕರಿಗಿಂತ ಒಂದು ಮೆಟ್ಟಿಲು ಕೆಳಗೆ ಎಣಿಸುವ ರೂಢಿಯುಂಟು. ಅಂದು ಆ ರೂಢಿಯು ಇನ್ನೂ ಬಲವಾಗಿದ್ದಿರಬೇಕು. ಹಗಲು ಬಯಲಿನಲ್ಲಿ ಹುಡುಗರನ್ನು ಸಾಲುಗಟ್ಟಿ ನಿಲ್ಲಿಸುವ ಈ ಮೇಷ್ಟರು ರಾತ್ರಿ ದೀಪದ ಮುಂದೆ ಹಳೆಗನ್ನಡ ಕಾವ್ಯಗಳನ್ನು ಓದುತ್ತಾರೆಂದು ಎಷ್ಟು ಜನ ನಂಬಿಯಾರು?

ಆದರೆ ಅವನು ಓದಿದನು. ಕಾಲವೂ ಅದಕ್ಕೆ ಅನುಕೂಲವಾಗಿದ್ದಿತು. ಕೇಶಿರಾಜನ ವ್ಯಾಕರಣವಾದ ಶಬ್ದಮಣಿದರ್ಪಣವನ್ನು ಕಿಟ್ಟೆಲರು ಶೋಧಿಸಿ 1872ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದ್ದರು. ಅವರ ಮಹಾ ನಿಘಂಟು ಅದೇ ಮಂಗಳೂರಿನಲ್ಲಿ 1894ರಲ್ಲಿ ಹೊರಬಂದಿತು. ತಾಳೆಗರಿಗಳಲ್ಲಿ ಅಡಗಿದ್ದ ಹಳೆಯ ಕನ್ನಡವು ಒಂದೊಂದಾಗಿ ಕಾಗದದ ಮೇಲೆ ಕಾಣಿಸಿಕೊಳ್ಳುತ್ತಿದ್ದ ಕಾಲವದು. ಕುಂದಾಪುರದಲ್ಲಿ ಮಳಲಿ ಸುಬ್ಬರಾಯರೆಂಬ ವಿದ್ವಾಂಸರ ಸ್ನೇಹವು ದೊರೆಯಿತು. ಅವರ ಸಹವಾಸದಲ್ಲಿ ಅವನ ಪಾಂಡಿತ್ಯವು ಬೆಳೆಯಿತು. ಚಿಕ್ಕಂದಿನಿಂದ ಬಯಲಾಟವನ್ನು ನೋಡುತ್ತ ಬೆಳೆದವನಾದುದರಿಂದ ಅವನು ರತ್ನಾವತೀ ಕಲ್ಯಾಣ, ಕುಮಾರ ವಿಜಯ ಎಂಬ ಎರಡು ಯಕ್ಷಗಾನ ಪ್ರಸಂಗಗಳನ್ನು ರಚಿಸಿದನು. ಇವು ಇಂದಿಗೂ ಮೇಳಗಳವರಿಗೆ ಪರಿಚಿತವಾದ ಪ್ರಸಂಗಗಳು.

ಆದರೆ ಅವನ ಮನಸ್ಸು ಹಳೆಗನ್ನಡದಲ್ಲಿ ಗ್ರಂಥವನ್ನು ಬರೆಯುವುದರ ಕಡೆಗೆ ಎಳೆಯುತ್ತಿದ್ದಿತು. ಅದೇ ವೇಳೆಗೆ ಮೈಸೂರಿನಲ್ಲಿ ಎಂ. ಎ. ರಾಮಾನುಜಯ್ಯಂಗಾರ್ಯರು, ಎಸ್. ಜಿ. ನರಸಿಂಹಾಚಾರ್ಯರು ಎಂಬ ಇಬ್ಬರು ವಿದ್ವಾಂಸರು ಕೂಡಿ ಕಾವ್ಯಮಂಜರಿಯೆಂಬ ಪತ್ರಿಕೆಯ ಮೂಲಕ ಹಳೆಯ ಕಾವ್ಯಗಳನ್ನು ಬೆಳಕಿಗೆ ತರುತ್ತಿದ್ದರು. ಮರೆತುಹೋದ ಕವಿಗಳಿಗೆ ಅಲ್ಲಿ ಆದರದ ಸ್ವಾಗತವಿದ್ದಿತು. ಬದುಕಿರುವ ಒಬ್ಬ ವ್ಯಾಯಾಮ ಶಿಕ್ಷಕನು, ಎಂದಿಗೂ ಮೈಸೂರಿನ ವಿದ್ವತ್ಸಭೆಯನ್ನು ಕಂಡರಿಯದವನು, ಹಳೆಗನ್ನಡದಲ್ಲಿ ಹೊಸ ಕಾವ್ಯವನ್ನು ಬರೆದಿದ್ದೇನೆಂದರೆ ಯಾರು ಓದಿಯಾರು? ಈ ಅಂಜಿಕೆಯೇ ಅವನ ಹೆಸರಿನ ಕಷ್ಟಕ್ಕೆ ಮೊದಲಾಯಿತು.

ಅವನು ಅದ್ಭುತ ರಾಮಾಯಣವೆಂಬ ಗದ್ಯಗ್ರಂಥವನ್ನು ಬರೆದನು. ಸಾವಿರ ತಲೆಗಳ ರಾವಣನೊಬ್ಬನನ್ನು ಸೀತಾದೇವಿಯೇ ಕೊಂದಳೆಂಬುದು ಅದರ ಕಥೆ. ಪ್ರಾಚೀನ ಗ್ರಂಥದ ಪ್ರತಿಯೊಂದು ದೊರೆತಿದೆಯೆಂಬ ಹಾಗೆ ಅದನ್ನು ಮೈಸೂರಿಗೆ ಕಳುಹಿಸಿದನು. ವಿದ್ವಾಂಸರು ಮೆಚ್ಚಿದರು, 1895ರಲ್ಲಿ ಅದು ಅಚ್ಚಾಯಿತು. ಬರೆದವನ ಹೆಸರು ಮಾತ್ರ ಅಲ್ಲಿ ಇರಲಿಲ್ಲ.

ಮರುವರ್ಷ, 1896ರಲ್ಲಿ, ಶ್ರೀರಾಮ ಪಟ್ಟಾಭಿಷೇಕವು ಬಂದಿತು. ಇದು ವಾರ್ಧಕ ಷಟ್ಪದಿಯ ಕಾವ್ಯ. ಈ ಬಾರಿ ಒಂದು ಹೆಸರನ್ನು ಕೊಡದೆ ಇರಲು ಅವನಿಗೆ ಮನಸ್ಸು ಒಪ್ಪಲಿಲ್ಲವೋ ಏನೋ, ಕಾವ್ಯವನ್ನು ಮಹಾಲಕ್ಷ್ಮಿಯೆಂಬ ಕವಯಿತ್ರಿಯ ಹೆಸರಿಗೆ ಒಪ್ಪಿಸಿದನು. ಆ ಹೆಸರು ಯಾರದೆಂದು ನಿಮಗೆ ಗೊತ್ತಿದೆ. ಓದುವವರು ಯಾವಳೋ ಹಳೆಯ ಕಾಲದ ವಿದುಷಿಯನ್ನು ಕಲ್ಪಿಸಿಕೊಳ್ಳುತ್ತಿದ್ದಾಗ ಮಗನು ನಂದಳಿಕೆಯ ತನ್ನ ತಾಯಿಯನ್ನು ಕಾವ್ಯಲೋಕದಲ್ಲಿ ಕೂರಿಸಿದ್ದನು. ಮುಂದೆ ಧಾರವಾಡದ ಬೇಂದ್ರೆಯವರೂ ತಾಯಿಯ ಹೆಸರನ್ನು ಸೇರಿಸಿಕೊಂಡು ಅಂಬಿಕಾತನಯದತ್ತರಾದರು. ಆದರೆ ಆ ಹೆಸರಿನ ಹಿಂದೆ ಯಾರಿದ್ದಾರೆಂಬುದು ಎಲ್ಲರಿಗೂ ತಿಳಿದಿತ್ತು. ಮಾಸ್ತಿಯವರು ಶ್ರೀನಿವಾಸರಾದುದೂ, ಪಂಜೆಯವರು ಕವಿಶಿಷ್ಯರಾದುದೂ, ಪುಟ್ಟಪ್ಪನವರು ಕುವೆಂಪು ಆದುದೂ ಹೀಗೆಯೇ. ಕಾವ್ಯನಾಮವೆಂಬುದು ಅವರಿಗೆ ಹಬ್ಬದ ದಿನದ ಉಡುಪಿನಂತಿತ್ತು. ನಮ್ಮ ವ್ಯಾಯಾಮ ಶಿಕ್ಷಕನಿಗೆ ಅದು ಗುರುತು ಸಿಗದಂತೆ ಹೊದ್ದುಕೊಂಡ ಕಂಬಳಿಯಾಗಿದ್ದಿತು.

ಮೂರನೆಯ ಗ್ರಂಥವೇ ಶ್ರೀರಾಮಾಶ್ವಮೇಧ. ಅವನ ಕೀರ್ತಿಯೆಲ್ಲವೂ ಇದರ ಮೇಲೆ ನಿಂತಿದೆ. ಶ್ರೀರಾಮನು ಅಶ್ವಮೇಧಯಾಗವನ್ನು ಕೈಗೊಂಡದ್ದು, ಶತ್ರುಘ್ನನು ಕುದುರೆಯ ಹಿಂದೆ ಹೋದದ್ದು, ದಾರಿಯಲ್ಲಿ ನಡೆದ ಯುದ್ಧಗಳು, ಕೊನೆಗೆ ಲವಕುಶರು ಕುದುರೆಯನ್ನು ಕಟ್ಟಿದ್ದು, ಇವು ಪದ್ಮಪುರಾಣದ ಕಥೆ. ಇಲ್ಲಿ ಒಂದು ಸಂಗತಿಯನ್ನು ಗಮನಿಸಿರಿ. ಪುರಾಣದ ಕಥೆಯನ್ನು ಬರೆಯುವ ಕವಿಗೆ ಪಾತ್ರಗಳಿಗೆ ಹೆಸರಿಡುವ ತೊಂದರೆಯೂ ಇಲ್ಲ, ಸ್ವಾತಂತ್ರ್ಯವೂ ಇಲ್ಲ. ರಾಮನು ರಾಮನೇ, ಶತ್ರುಘ್ನನು ಶತ್ರುಘ್ನನೇ. ಆದರೆ ಈ ಕವಿಯು ಕಥೆಯ ಹೊರಗೆ ಒಂದು ಚಿಕ್ಕ ಮನೆಯನ್ನು ಕಟ್ಟಿದನು. ಆ ಮನೆಯಲ್ಲಿ ಒಬ್ಬ ಗಂಡ, ಒಬ್ಬ ಹೆಂಡತಿ. ಮಳೆಗಾಲದ ಒಂದು ಸಂಜೆ ಗಂಡನು ಅರಮನೆಯಿಂದ ದಣಿದು ಬರುತ್ತಾನೆ. ಹೆಂಡತಿಯು ಉಪಚರಿಸಿ, ಹೊತ್ತು ಕಳೆಯಲು ಒಂದು ಕಥೆಯನ್ನು ಹೇಳೆಂದು ಕೇಳುತ್ತಾಳೆ. ಯಾವ ಕಥೆ, ಪದ್ಯದಲ್ಲಿಯೋ ಗದ್ಯದಲ್ಲಿಯೋ ಎಂದು ಇಬ್ಬರಿಗೂ ಸವಿಯಾದ ಚರ್ಚೆ ನಡೆಯುತ್ತದೆ. ಪದ್ಯದ ಕಷ್ಟ ಬೇಡ, ಗದ್ಯವೇ ಹಿತವೆಂದು ಅವಳು ತೀರ್ಮಾನ ಕೊಡುತ್ತಾಳೆ. ಗಂಡನು ಬಿಗಿಯಾದ ಸಂಸ್ಕೃತ ಶಬ್ದಗಳನ್ನು ತುಂಬಿ ಆರಂಭಿಸಿದರೆ, ಇದು ನನಗೆ ತಿಳಿಯದು, ತಿಳಿಗನ್ನಡದಲ್ಲಿ ಹೇಳಬೇಕೆಂದು ಅವನನ್ನು ತಡೆಯುತ್ತಾಳೆ. ಕಥೆಯ ನಡುನಡುವೆ ಅವಳು ಪ್ರಶ್ನೆ ಕೇಳುತ್ತಾಳೆ, ಹಾಸ್ಯ ಮಾಡುತ್ತಾಳೆ. ಹಳೆಗನ್ನಡದ ಗಂಭೀರ ನಡೆಯೊಳಗೆ ಸಂಸಾರದ ಈ ಸರಸವನ್ನು ಓದುವಾಗ ನಮಗೆ ಮಂಜಿನ ಬೆಳಗಿನಲ್ಲಿ ಬಿಸಿಲು ಬಿದ್ದಂತಾಗುತ್ತದೆ.

ಈ ಇಬ್ಬರಿಗೆ ಹೆಸರಿಡಬೇಕಾಗಿತ್ತು. ಪುರಾಣವು ಇಲ್ಲಿ ಅವನ ನೆರವಿಗೆ ಬರುವಂತಿರಲಿಲ್ಲ. ಅಷ್ಟು ದೊಡ್ಡ ಗ್ರಂಥದಲ್ಲಿ ಅವನೇ ಯೋಚಿಸಿ ಆರಿಸಬೇಕಾಗಿದ್ದವು ಮುಖ್ಯವಾಗಿ ಈ ಎರಡು ಹೆಸರುಗಳು. ಹೆಸರುಗಳು ಹಳೆಯ ಕಾಲದವೆಂದು ತೋರಬೇಕು. ಇಲ್ಲವಾದರೆ ಗುಟ್ಟು ಹೊರಬೀಳುತ್ತದೆ. ಆದರೂ ಅವು ತನ್ನವಾಗಿರಬೇಕು; ಇಲ್ಲವಾದರೆ ಮಾತಿನಲ್ಲಿ ಜೀವ ಬರುವುದಿಲ್ಲ. ಅವನ ನಿಜವಾದ ಹೆಂಡತಿಯ ಹೆಸರು ಕಮಲೆ. ಗ್ರಂಥದ ಹೆಂಡತಿಗೆ ಅವನು ಮನೋರಮೆಯೆಂದು ಹೆಸರಿಟ್ಟನು. ಮನಸ್ಸನ್ನು ರಮಿಸುವವಳು ಎಂದರ್ಥ. ಕಮಲೆಯ ನಡೆನುಡಿಯೇ ಮನೋರಮೆಗೆ ಮಾದರಿಯೆಂದು ಬಲ್ಲವರು ಹೇಳುತ್ತ ಬಂದಿದ್ದಾರೆ. ಗಂಡನ ಪಾತ್ರಕ್ಕೆ, ಕಥೆ ಹೇಳುವ ಕವಿಗೆ, ಅವನು ಯಾವ ಬಿರುದನ್ನೂ ಹುಡುಕಲಿಲ್ಲ. ಕವಿಚಕ್ರವರ್ತಿಯೆನ್ನಲಿಲ್ಲ, ಕವಿರತ್ನವೆನ್ನಲಿಲ್ಲ. ಮನೆಯಲ್ಲಿ ತನ್ನನ್ನು ಕರೆಯುತ್ತಿದ್ದ ಮುದ್ದಣನೆಂಬ ಹೆಸರನ್ನೇ ಇಟ್ಟನು. ಶಾಲೆಯ ಬಯಲಿನಿಂದ ಮನೆಗೆ ಬರುತ್ತಿದ್ದ ಬಡ ಶಿಕ್ಷಕನು ಗ್ರಂಥದಲ್ಲಿ ಅರಮನೆಯಿಂದ ಮನೆಗೆ ಬರುವ ಮುದ್ದಣನಾದನು.

ನನಗೆ ತೋರುವ ಮಟ್ಟಿಗೆ, ಅವನು ಮಾಡಿದ ಅತ್ಯಂತ ಜಾಣತನದ ಕೆಲಸವಿದು. ಅದೇ ಅತ್ಯಂತ ಪ್ರಾಮಾಣಿಕವಾದ ಕೆಲಸವೂ ಹೌದು. ಹಳೆಯ ಕವಿಯ ಹೆಸರಿನಂತೆ ಕೇಳುವ ಆ ಶಬ್ದವು ಅವನ ನಿಜವಾದ ಹೆಸರೇ ಆಗಿದ್ದಿತು. ಲೋಕದಿಂದ ಮರೆಯಾಗಲು ಹೋಗಿ ಅವನು ತನ್ನ ಮನೆಯ ಬಾಗಿಲನ್ನೇ ತೆರೆದಿಟ್ಟನು.

ಆ ಗ್ರಂಥವೂ ಮೈಸೂರಿನವರ ಕೈಸೇರಿತು. ಓದಿದವರು ಸಂತೋಷಪಟ್ಟರು, ಮುದ್ದಣನೆಂಬ ಈ ಪ್ರಾಚೀನ ಕವಿಯ ಕಾಲ ಯಾವುದು, ಊರು ಯಾವುದು, ಅವನನ್ನು ಸಾಕಿದ ಅರಸನಾರು ಎಂದು ಆಲೋಚಿಸಿದರು. ಆ ಪ್ರಾಚೀನ ಕವಿಯು ಆಗ ಉಡುಪಿಯಲ್ಲಿ, ಹೆಂಡತಿ ಮತ್ತು ರಾಧಾಕೃಷ್ಣನೆಂಬ ಚಿಕ್ಕ ಮಗನೊಡನೆ, ಅಲ್ಪ ಸಂಬಳದಲ್ಲಿ ದಿನಗಳನ್ನು ನೂಕುತ್ತಿದ್ದನು. ಇದರ ನೋವನ್ನು ನೀವು ಊಹಿಸಿಕೊಳ್ಳಬೇಕು. ಬಂದ ಹೊಗಳಿಕೆಯೆಲ್ಲವೂ ಅವನದೇ; ಒಂದನ್ನೂ ಕೈಚಾಚಿ ತೆಗೆದುಕೊಳ್ಳುವಂತಿಲ್ಲ. ಇದು ನನ್ನದೆಂದರೆ ಮೊದಲು ಹೇಳಿದ ಮಾತು ಸುಳ್ಳಾಗುತ್ತದೆ. ಸುಮ್ಮನಿದ್ದರೆ ಬದುಕು ಹಾಗೆಯೇ ಉಳಿಯುತ್ತದೆ. ಹೆಸರನ್ನು ಮರೆಸಿದುದರಿಂದ ಗ್ರಂಥಕ್ಕೆ ಓದುಗರು ದೊರೆತರು, ಕವಿಗೆ ಯಾರೂ ದೊರೆಯಲಿಲ್ಲ.

ಅಷ್ಟರಲ್ಲಿ ಕ್ಷಯರೋಗವು ಅವನನ್ನು ಹಿಡಿಯಿತು. ಹುಡುಗರಿಗೆ ದೇಹವನ್ನು ಗಟ್ಟಿಮಾಡಿಕೊಳ್ಳುವ ವಿದ್ಯೆಯನ್ನು ಕಲಿಸಿದವನ ದೇಹವು ಸೊರಗಿತು. ಅಂದು ಆ ರೋಗಕ್ಕೆ ಮದ್ದಿರಲಿಲ್ಲ. ಅದನ್ನು ಗುಣಪಡಿಸುವ ಔಷಧಿ ಬರಲು ಇನ್ನೂ ನಾಲ್ಕು ದಶಕಗಳು ಬೇಕಾಗಿದ್ದವು. ಗೋದಾವರಿಯೆಂಬ ಕಾದಂಬರಿಯೊಂದನ್ನು ಅವನು ತೊಡಗಿದ್ದನು, ಅದು ಪೂರ್ಣವಾಗಲಿಲ್ಲ. 1901ನೆಯ ಫೆಬ್ರವರಿ ತಿಂಗಳಲ್ಲಿ, ಮೂವತ್ತೊಂದನೆಯ ವಯಸ್ಸಿನಲ್ಲಿ, ನಂದಳಿಕೆ ಲಕ್ಷ್ಮೀನಾರಾಯಣನು ತೀರಿಕೊಂಡನು. ಈ ಲೇಖನವನ್ನು ಬರೆಯುತ್ತಿರುವ ನಿಮ್ಮ ಅಧ್ಯಾಪಕನ ವಯಸ್ಸು ಅದಕ್ಕಿಂತ ಹೆಚ್ಚು.

ದೂರದ ಇಂಗ್ಲೆಂಡಿನಲ್ಲಿಯೂ ಇಂತಹದೊಂದು ಕಥೆ ನಡೆದಿದ್ದಿತು. ಬ್ರಿಸ್ಟಲ್ ನಗರದಲ್ಲಿ 1752ರಲ್ಲಿ ಹುಟ್ಟಿದ ಥಾಮಸ್ ಚಾಟರ್ಟನ್ ಎಂಬ ಬಡ ಹುಡುಗನು ಹಳೆಯ ಇಂಗ್ಲಿಷಿನಲ್ಲಿ ಕವಿತೆಗಳನ್ನು ಬರೆದು, ಅವು ಹದಿನೈದನೆಯ ಶತಮಾನದ ರೌಲಿಯೆಂಬ ಸಂನ್ಯಾಸಿಯವೆಂದು ಹೇಳಿದನು. ದೊಡ್ಡ ಮನುಷ್ಯನೊಬ್ಬನು ಮೊದಲು ಆಸಕ್ತಿ ತೋರಿಸಿ, ಸಂಶಯ ಬಂದೊಡನೆ ಕೈಬಿಟ್ಟನು. 1770ರಲ್ಲಿ, ಹದಿನೇಳೇ ವರ್ಷದ ಹುಡುಗನು ಲಂಡನಿನಲ್ಲಿ ದಿಕ್ಕಿಲ್ಲದೆ ಸತ್ತನು. ಸತ್ತ ಮೇಲೆ ಅವನನ್ನು ಮಹಾಪ್ರತಿಭೆಯೆಂದು ಕೊಂಡಾಡಿದರು. ಅವನು ಸತ್ತು ಸುಮಾರು ನೂರು ವರ್ಷಕ್ಕೆ ಮುದ್ದಣನು ಹುಟ್ಟಿದನು. ಇಬ್ಬರಿಗೂ ಒಂದೇ ಭಯ: ಇಂದಿನವನು, ಬಡವನು, ಹೆಸರಿಲ್ಲದವನು ಬರೆದದ್ದನ್ನು ಯಾರೂ ಓದುವುದಿಲ್ಲವೆಂಬ ಭಯ. ಆ ಭಯವನ್ನು ಹುಟ್ಟಿಸಿದವರು ಅವರೊಬ್ಬರೇ ಅಲ್ಲ. ಬರಹವನ್ನು ನೋಡುವ ಮುನ್ನ ಬರೆದವನ ಅಂತಸ್ತನ್ನು ಕೇಳುವ ಲೋಕಕ್ಕೂ ಅದರಲ್ಲಿ ಪಾಲುಂಟು.

ಮುದ್ದಣನು ಸತ್ತ ಮೇಲೆ ಗುಟ್ಟು ಬಹುಕಾಲ ನಿಲ್ಲಲಿಲ್ಲ. ಅವನನ್ನು ಬಲ್ಲವರು ಕರಾವಳಿಯಲ್ಲಿ ಇದ್ದರು. ಗ್ರಂಥದ ಭಾಷೆಯನ್ನು ಪರೀಕ್ಷಿಸಿದ ವಿದ್ವಾಂಸರಿಗೂ ಹಳೆಯ ಮಾತಿನ ಕೆಳಗೆ ಹೊಸ ಕಾಲದ ಉಸಿರು ಕೇಳಿಸಿತು. ಮುದ್ದಣನೆಂದರೆ ನಂದಳಿಕೆಯ ಲಕ್ಷ್ಮೀನಾರಾಯಣನೇ ಎಂಬುದು ಸ್ಥಿರವಾಯಿತು. ಅಷ್ಟಾದ ಮೇಲೆ ಲೋಕವು ಅವನನ್ನು ಯಾವ ಹೆಸರಿನಿಂದ ಕರೆಯಿತು? ಲಕ್ಷ್ಮೀನಾರಾಯಣನೆಂದು ಕರೆಯುವವರು ಇಂದು ವಿರಳ. ತಾಯಿಯ ಬಾಯಿಂದ ಬಂದ ಮುದ್ದಣನೆಂಬ ಹೆಸರೇ ಪಾಠಪುಸ್ತಕಗಳಲ್ಲಿ, ಸಾಹಿತ್ಯ ಚರಿತ್ರೆಗಳಲ್ಲಿ, ನಂದಳಿಕೆಯ ಸ್ಮಾರಕದಲ್ಲಿ ಉಳಿದಿದೆ. ಮನೋರಮೆಯೂ ಅವನ ಪಕ್ಕದಲ್ಲಿಯೇ ಉಳಿದಿದ್ದಾಳೆ. ಕನ್ನಡಿಗರು ಅನ್ಯೋನ್ಯವಾದ ದಂಪತಿಗಳನ್ನು ಕಂಡರೆ ಈ ಇಬ್ಬರನ್ನು ನೆನೆಯುತ್ತಾರೆ. 2017ರಲ್ಲಿ ಭಾರತ ಸರಕಾರದ ಅಂಚೆ ಇಲಾಖೆಯು ಕವಿ ಮುದ್ದಣನ ಅಂಚೆಚೀಟಿಯನ್ನು ಹೊರಡಿಸಿತು. ಹೆಸರನ್ನು ಮರೆಸಿ ಮೈಸೂರಿಗೆ ಟಪಾಲು ಕಳುಹಿಸಿದವನ ಹೆಸರನ್ನೇ ಹೊತ್ತ ಟಪಾಲು ನಾಡಿನಲ್ಲೆಲ್ಲ ಸಂಚರಿಸಿತು.

ಮಿತ್ರರೇ, ಈ ನಗರದಲ್ಲಿ ಕನ್ನಡದಲ್ಲಿ ಬರೆಯುವ ನಿಮಗೆ ಅಂಜಿಕೆಗಳು ಹಲವು. ಮನೆಯ ಮಾತು ತುಳುವೋ ಕೊಂಕಣಿಯೋ ಆಗಿರಬಹುದು. ಬೀದಿಯ ಮಾತು ಮರಾಠಿ, ಹಿಂದಿ. ಕನ್ನಡ ಶಾಲೆಗೆ ಹೋಗುತ್ತೇನೆಂದರೆ ಕಟ್ಟಡದ ನೆರೆಮನೆಯವರು ಹುಬ್ಬೇರಿಸುತ್ತಾರೆ. ನಾನೂ ಕನ್ನಡದಲ್ಲಿಯೇ ಓದಿ ಊರನ್ನು ಬಿಟ್ಟು ಇಲ್ಲಿಗೆ ಬಂದವನು. ಆ ಅಂಜಿಕೆಯ ರುಚಿ ನನಗೆ ತಿಳಿದಿದೆ. ನೀವು ಬಯಸಿದರೆ ಕಾವ್ಯನಾಮವನ್ನು ಇಟ್ಟುಕೊಳ್ಳಿರಿ. ಮನೆಯಲ್ಲಿ ಕರೆಯುವ ಹೆಸರನ್ನೇ ಇಟ್ಟುಕೊಂಡರೆ ಇನ್ನೂ ಚೆನ್ನು. ಆದರೆ ನೀವು ಬರೆದುದನ್ನು ಅಜ್ಜನದೆಂದು ಹೇಳಬೇಡಿರಿ. ಮೆಚ್ಚಿಕೆ ಬಂದ ದಿನ ಅದನ್ನು ತೆಗೆದುಕೊಳ್ಳಲು, ತಪ್ಪು ತೋರಿಸಿದ ದಿನ ಅದನ್ನು ತಿದ್ದಿಕೊಳ್ಳಲು, ನೀವು ಅಲ್ಲಿ ಇರಬೇಕು. ನಾವು ಅಧ್ಯಾಪಕರೂ ಹೆಸರಿಲ್ಲದ ಕಾಗದವನ್ನು ಬದಿಗಿಡುವ ಮುನ್ನ ಎರಡನೆಯ ಬಾರಿ ಓದುವುದನ್ನು ಕಲಿಯಬೇಕು.

ಆ ಹುಡುಗನು ಈ ವರ್ಷವೂ ಒಂದು ಪದ್ಯವನ್ನು ಕೊಟ್ಟಿದ್ದಾನೆ. ಅದು ಈ ಸಂಚಿಕೆಯಲ್ಲಿಯೇ ಇದೆ. ಯಾವ ಪುಟದಲ್ಲೆಂದು ನಾನು ಹೇಳುವುದಿಲ್ಲ. ಕೆಳಗೆ ಅವನೇ ತನ್ನ ಹೆಸರನ್ನು ಬರೆದಿದ್ದಾನೆ.